ಕೈ ಕೊಟ್ಟ ಕೈ

ಬೀದರಿನ ಒಂದು ದವಾಖಾನೆಯಲ್ಲಿ, ಲಕ್ವಾ ಹೊಡೆದವರಿಗೆ ವ್ಯಾಯಾಮ ಮಾಡಿಸುವ ಕೋಣೆಯ ಹೊರಗೆ ಸೊಂಟ ಹಿಡಿದುಕೊಂಡು ಕೂತಿದ್ದ ಯುನುಸನಿಗೆ, ಪಕ್ಕದ ಬೆಂಚಿನ ಔರಾದದ ಗಂಡ-ಹೆಂಡಿರ ಮಾತು ಕೇಳಿ ಸೊಂಟವೇ ಮರೆತುಹೋಯಿತು.

“ಬಸ್ಸಿನಾಗ ಪೇರಲಹಣ್ಣು ಜಾರಿದಾಗ ಹಿಡಿದದ್ದು ನಿಮ್ಮ ಬಲಗೈನೇ ರೀ!”

“ಸುಳ್ಳು, ಎಲೀನಾ. ತಿಂಗಳುಗಟ್ಟಲೆ ತೊಗರಿ ಆರಿಸಾಕ ಕುಂದರಿಸಿದಿ, ಈ ಕೈ ಒಂದು ಕಾಳರ ಎತ್ತಿತೇನು?”

“ಆರಿಸಿದ್ದು ದಂಡ ಆಗಿಲ್ಲ. ನಿಮ್ಮ ತಲಿ ಒಳಗೊಳಗೇ ಕಲಿತದ. ಕ್ರಿಸ್‌ಮಸ್‌ಗೆ ಚರ್ಚಿನಾಗ ಮೊದಲಿನಂಗ ತಬಲಾ ನೀವೇ ಬಾರಿಸ್ತೀರಿ.”

“ಸುಮ್ನ ಆಸಿ ಹಚ್ಚಬ್ಯಾಡ.”

“ಹಿಡೀರಿ!”

ಎಲೀನಾಳ ಕೈಯಿಂದ ಪೇರಲ ಹಾರಿತು. ಗಂಡ ದಾನಿಯೇಲನ ಲಕ್ವಾ ಹೊಡೆದ ಬಲಗೈ ಟಪ್ಪನೆ ಎದ್ದು ಹಣ್ಣನ್ನು ಎದೆಗೆ ಒತ್ತಿ ಹಿಡಿಯಿತು. ಯುನುಸ ಚಪ್ಪಾಳೆ ತಟ್ಟಿಯೇಬಿಟ್ಟ.

“ಅಯ್ಯೋ, ನಾ ಹೇಳೇ ಇಲ್ಲ, ತಾನೇ ಹೋತಲ್ಲೇ!”

“ಹೇಳಿದ್ರ ಕೇಳಂಗಿಲ್ಲರಿ ಅದು. ಥೇಟ್ ನಿಮ್ಮಂಗ!”

ಒಳಗಿನಿಂದ ದಾನಿಯೇಲನ ಹೆಸರು ಕೂಗಿದರು.

“ಏಳ್ರಿ, ಕೈ ಕೊಡ್ರಿ.”

“ಯಾವ ಕೈ?”

“ಇಷ್ಟು ದಿನ ಕೈ ಕೊಟ್ಟಿತ್ತಲ್ಲ, ಅದೇ.”

ದಾನಿಯೇಲ ಮೆಲ್ಲಗೆ ಬಲಗೈ ಚಾಚಿದ. ಅದನ್ನೇ ಗಟ್ಟಿಯಾಗಿ ಹಿಡಿದು ಎಲೀನಾ ಅವನನ್ನು ಒಳಗೆ ಕರೆದೊಯ್ದಳು.