ಮಲ್ಲಿಗೆಯ ಮಣ್ಣಿಗೆ ಎಂಟೂವರೆ

ಹಲಸೂರಿನಲ್ಲಿ ಬಿ.ಟಿ.ಎಸ್. ಬಸ್ಸಿನ ಸರತಿಯಲ್ಲಿ ಕೊಡೆ ಬಿಚ್ಚಿ ನಿಂತಿದ್ದ ವಿರೂಪಾಕ್ಷ ಶಾಸ್ತ್ರಿಗಳಿಗೆ ಮುಂದಿನ ಇಬ್ಬರ ಮಾತು ಕೇಳಿಸಿತು. ಒಬ್ಬರು ಶಾಸ್ತ್ರಿಗಳ ಪುರಾಣಪ್ರವಚನವನ್ನು ಒಂದು ದಿನವೂ ತಪ್ಪಿಸದ ಕಾರ್ಖಾನೆಯ ಗುಮಾಸ್ತ ಅನಂತರಾಮು. ಇನ್ನೊಬ್ಬರು ಮಾರತ್ತಹಳ್ಳಿಯ ದ್ರಾಕ್ಷಿತೋಟದ ಮುನಿಆಂಜನಪ್ಪ. ಅನಂತರಾಮುವಿನ ಕೈಯಲ್ಲಿ ಮಣ್ಣುಪರೀಕ್ಷೆಯ ಚೀಟಿಯಿತ್ತು.

“ಪಿ.ಎಚ್. ಅನ್ನೋ ಕಡೆ ಎಂಟೂವರೆ ಅಂತಿದೆ. ಹತ್ತಕ್ಕೆ ಎಂಟೂವರೆ ಅಂದ್ಕೊಂಡು ಮನೇಲಿ ಪಾಯಸ ಮಾಡಿಸ್ಬಿಟ್ಟೆ!”

“ಅಯ್ಯೋ ಸಾಮಿ, ಅದು ಮಾರ್ಕಲ್ಲ! ಏಳರ ಹತ್ರ ಇರ್ಬೇಕು. ಮೇಲಕ್ಕೋದಂಗೆಲ್ಲಾ ಮಣ್ಣು ಸುಣ್ಣದಂಗಾಯ್ತದೆ. ಅದಕ್ಕೇ ನಿಮ್ ಮಲ್ಲಿಗೆ ಎಲೆ ಹಳದಿಗಟ್ಟಿರೋದು. ಬುಡಕ್ಕೆ ಏನಾಕ್ತೀರಿ?”

“ಹಂಡೆ ಒಲೆ ಬೂದಿ, ದಿನಾ ಒಂದು ಮೊರ. ನಮ್ಮ ಶಾಸ್ತ್ರಿಗಳೇ ಹೇಳಿದ್ದು, ಬೂದಿ ಅಂದ್ರೆ ಶಿವನ ಭಸ್ಮ, ಸುರಿದಷ್ಟೂ ಗಿಡಕ್ಕೆ ಒಳ್ಳೇದು ಅಂತ.”

ಶಾಸ್ತ್ರಿಗಳ ಕೊಡೆ ಮೂಗಿನವರೆಗೆ ಇಳಿಯಿತು.

“ಬೂದಿ ನಿಲ್ಸಿ, ಕೊಳೆತ ಎಲೆ, ಸಗಣಿ ಗೊಬ್ಬರ ಹಾಕಿ. ಆ ಶಾಸ್ತ್ರಿಗಳ ಮನೆ ಗಿಡ ಎಂಗವೆ, ನೋಡಿದ್ರಾ?”

“ಅವರ ಮನೇಲಿ ಗಿಡ ಎಲ್ಲಿದೆ? ಅವರ ಪೂಜೆಗೆ ಹೂವು ಹೋಗೋದೇ ನಮ್ಮನೆಯಿಂದ!”

ಬಂದ ಬಸ್ಸನ್ನು ಇಬ್ಬರೂ ನಗುತ್ತ ಹತ್ತಿದರು. ತಿಂಗಳಿಂದ ಪೂಜೆಗೆ ಹೂವು ಕಡಿಮೆಯಾದದ್ದಕ್ಕೆ ಕಲಿಯುಗವನ್ನು ದೂರುತ್ತಿದ್ದ ಶಾಸ್ತ್ರಿಗಳು, ತಾವೂ ಹತ್ತಬೇಕಾಗಿದ್ದ ಆ ಬಸ್ಸನ್ನು ಬಿಟ್ಟು, ಕೊಡೆಯ ಮರೆಯಲ್ಲೇ ನಿಂತರು.