ಮೂರನೇ ಕೂಗು

ಆ ಲೈಟು ಆರಿಸಬ್ಯಾಡ್ರಪ್ಪ, ಇರ್ಲಿ. ಇದನ್ನ ನಾನು ಕತ್ತಲಲ್ಲಿ ಹೇಳೋದಿಲ್ಲ.

ಹೋದ ಬ್ಯಾಸಿಗೇಲಿ ನಮ್ಮ ಚಿಕ್ಕಪ್ಪನ ಮಗಳು ಸುಚಿತ್ರಾ ರಾತ್ರಿ ರೈಲಿಗೆ ರಾಮಗಿರಿಗೆ ಬಂದ್ಲು. ಕರ್ಕೊಂಡು ಬರಕ್ಕೆ ಹೋದವನು ನಾನೇ. ಸ್ಟೇಷನ್ ದಾಟಿದ್ದೇ ತಡ ಬೈಕು ಪಂಚರ್. ತಳ್ಕೊಂಡು ಹೊರಟ್ವಿ. ಟೈರಿನದು ಫಟ್... ಫಟ್... ಅವಳ ಚಪ್ಪಲೀದು ಚರಕ್ ಚರಕ್. ಬೇರೆ ಸದ್ದೇ ಇಲ್ಲ. ಮುಂದೆ ಆಲದಮರ, ಅದರ ಬುಡಕ್ಕೆ ಹಾಳುಬಾವಿ. ಅದನ್ನ ದಾಟದೆ ಊರಿಗೆ ದಾರಿ ಇಲ್ಲ.

ಸುಚಿತ್ರಾ ಎಮ್ಮೆಸ್ಸಿ ಓದ್ತಾಳೆ, ಕಲ್ಲು ಮಣ್ಣು ನೀರಿನ ಓದು. ಅದಕ್ಕೆ ಮುಂಚಿನ ಚಳಿಗಾಲದಲ್ಲಿ ಅವರ ತಂಡ ನೇಪಾಳಕ್ಕೆ ಹೋಗಿತ್ತು, ಬೆಟ್ಟದ ಒರತೆಗಳು ಯಾಕೆ ಬತ್ತುತ್ತವೆ ಅಂತ ನೋಡಕ್ಕೆ. ಅಲ್ಲಿ ಇವಳ ಜೊತೆಗಾರ ಹೊಸದುರ್ಗದ ಜಯಕುಮಾರ್ ಕಾಲು ಜಾರಿ ಬಿದ್ದು ಸತ್ತ. ಇಷ್ಟು ನಮಗೆಲ್ಲ ಗೊತ್ತಿತ್ತು. ಅವನ ಮಣ್ಣಿಗೆ ಹೋದಾಗ ಅವರವ್ವ ಬಸಮ್ಮ ಇವಳನ್ನ ತಬ್ಬಿಕೊಂಡು ಅತ್ತರೂ ಇವಳ ಕಣ್ಣಲ್ಲಿ ಹನಿ ನೀರಿರಲಿಲ್ಲ.

ಮೊದಲು ಹಾಜರಿ ಕರೆದ್ರೂ ದನಿ ಹೊರಡದ ಹುಡುಗಿ. ವಾಪಸ್ ಬಂದ ಮೇಲೆ ಮೈಕ್ ಹಿಡಿದು ತುಂಬಿದ ಸಭೇಲಿ ಮಾತಾಡಿದ್ಲು. ಯಾರು ಕರೆದ್ರೂ ಬಾಯಿ ಮುಚ್ಚೋದ್ರೊಳಗೆ ಓ ಅಂತಿದ್ಲು. ಫಾರಿನ್ನಿಗೆ ಹೋಗಿ ಬಂದು ಹುಡುಗಿ ಬೆಳೆದುಬಿಟ್ಲು ಅಂದ್ರು ಜನ. ಜನಕ್ಕೇನು, ಅನ್ನುತ್ತೆ. ನನಗಂತೂ ಅವಳನ್ನ ನೋಡಿದ್ರೆ ಸಂಕಟ ಆಗ್ತಿತ್ತು. ತಟ್ಟೆ ಮುಂದಿಟ್ರೆ ತಿಂತಿದ್ಲು, ಇಡದಿದ್ರೆ ಇಲ್ಲ.

ಆ ರಾತ್ರಿ ದಾರೀಲಿ ಅವಳೇ ಬಾಯಿ ಬಿಟ್ಲು. ಬಸ್ಸಿನ ಟೈಮು ಹೇಳಿದಂಗೆ ಹೇಳಿದ್ಲು.

"ಚಂದ್ರಣ್ಣ, ಅವನು ನನ್ನ ಕೂಗಿದ್ದ."

"ಯಾವಾಗ?"

"ಬೀಳೋಕೆ ಮುಂಚೆ. ಮಂಜು ಇಳಿದಿತ್ತು. ನಾನು ಮೇಲಿದ್ದೆ, ಅವನು ಕೆಳಗೆ, ಒರತೆ ಹತ್ರ. ಮಂಜಲ್ಲಿ ಯಾರೇ ಕೂಗಿದ್ರೂ ತಕ್ಷಣ ಓ ಅನ್ರಿ ಅಂತ ನಮ್ಮ ಮೇಡಮ್ಮು ಹೇಳಿದ್ರು. ದನಿ ಹಿಡ್ಕೊಂಡು ದಾರಿಗೆ ಬರ್ತಾರೆ ಅಂತ."

"ನೀನು..."

"ಹೊತ್ತು ಮುಳುಗಿತ್ತು. ನೀರಿನ ಜಾಗ. ಒಂದು ಸಲ ಕೂಗಿದ... ನನ್ನ ತುಟಿ ತಾನಾಗೇ ಮುಚ್ಕಂತು. ಎರಡು ಸಲ ಕೂಗಿದ... ನಾನು ಮೂರನೇದಕ್ಕೆ ಕಾದೆ."

ನನ್ನ ಕಾಲು ನಿಂತೇಹೋಯ್ತು. ನಮ್ಮಜ್ಜಿ ಮುದ್ದಕ್ಕ ನಮಗೆ ತುತ್ತಿನ ಜೊತೆ ತಿನ್ನಿಸಿದ ಮಾತದು. ಕತ್ತಲಲ್ಲಿ ಯಾರಾದ್ರೂ ಹೆಸರು ಹಿಡಿದು ಕೂಗಿದ್ರೆ ಮೂರನೇ ಕೂಗಿಗೇ ಓ ಅನ್ನಬೇಕು. ದೆವ್ವ ಎರಡೇ ಸಲ ಕೂಗೋದು, ಮೂರನೇ ಕೂಗು ಮನುಷ್ಯರದು.

"ಮೂರನೇದು ಬರ್ಲೇ ಇಲ್ಲ ಚಂದ್ರಣ್ಣ. ಕಲ್ಲು ಉರುಳಿದ್ದು ಕೇಳಿಸ್ತು, ಅಷ್ಟೆ."

ನಾನು ಮತ್ತೆ ಬೈಕು ತಳ್ಳಿದೆ. ಆಲದಮರದ ಕೆಳಗೆ ಬಂದ್ವಿ...

"ಸುಚಿತ್ರಾ..."

ಬಾವಿಯೊಳಗಿಂದ. ಗಂಡಸಿನ ದನಿ. ಕೊಡದೊಳಗೆ ಬಾಯಿಟ್ಟು ಕೂಗಿದಂಗೆ. ಆ ಬಾವೀಲಿ ಹುಲ್ಲು ಬೆಳೆದು ಎಷ್ಟೋ ವರ್ಷ ಆಗೈತೆ. ಅವಳ ರಟ್ಟೆ ಹಿಡಿದೆ.

"ಲೇ, ಓ ಅನ್ಬ್ಯಾಡ," ಪಿಸುಗುಟ್ಟಿದೆ.

"ಓ..." ಅಂದೇಬಿಟ್ಲು. "ಇಲ್ಲಿದ್ದೀನಿ. ಬಲಗಡೆ ಬಾ. ದಾರಿ ಬಲಗಡೆ ಐತೆ."

ಒಂದು ಕಲ್ಲು ಸರಿದ ಸದ್ದು... ಕರ್ರ್... ಆಮೇಲೆ ಮತ್ತೆ, "ಸುಚಿತ್ರಾ..."

"ಎಡಕ್ಕೆ ಕಾಲಿಡಬ್ಯಾಡ ಜಯಕುಮಾರ್, ಮಣ್ಣು ಸಡ್ಲ ಐತೆ. ನನ್ನ ದನಿ ಹಿಡ್ಕೊಂಡು ಬಾ."

ಸುಮ್ಮನಾಯ್ತು. ಮರದ ಎಲೆ ಕೂಡ ಅಲ್ಲಾಡಲಿಲ್ಲ. ನಾನು ಅವಳ ರಟ್ಟೆ ಬಿಡದೆ ನಿಂತೆ. ಬರಬಾರದು ಅಂತಲೂ ಅನ್ನಿಸ್ತು, ಬರಲಿ ಅಂತಲೂ ಅನ್ನಿಸ್ತು...

"ಸುಚಿತ್ರಾ."

ಮೂರನೇ ಸಲ. ಈ ಸಲ ಬಾವಿಯಿಂದ ಅಲ್ಲ. ದಾರಿ ಮೇಲೆ, ನಮ್ಮ ಪಕ್ಕದಲ್ಲೇ. ಏರು ಹತ್ತಿ ಬಂದವರು ಏದುಸಿರು ಬಿಡ್ತಾ ಹೇಳಿದಂಗೆ.

ಆವಾಗ ಅತ್ಲು ನೋಡ್ರಿ ಅವಳು. ನಡು ದಾರೀಲಿ ಕುಕ್ಕರಗಾಲಲ್ಲಿ ಕುಂತು ಅತ್ಲು. ನಾನು ಬೈಕು ಅಲ್ಲೇ ಬಿಟ್ಟು ಅವಳನ್ನ ಎಬ್ಬಿಸ್ಕೊಂಡು ಮನೆಗೆ ಓಡಿದೆ.

ಚಿಕ್ಕಮ್ಮ ಬಾಗಿಲು ತೆಗೆದ್ಲು. ಅಂಗಳದಲ್ಲಿ ಮಲಗಿದ್ರೂ ನಿದ್ದೆ ಬಾರದಂಥ ಸೆಕೆ, ನನ್ನ ಅಂಗಿ ಬೆವರಿಗೆ ಮೈಗಂಟಿತ್ತು. ಚಿಕ್ಕಮ್ಮ ಮಗಳನ್ನ ನೋಡಿದ್ಲು, ನನ್ನ ನೋಡಿದ್ಲು. ಆಮೇಲೆ ನಮ್ಮ ಹಿಂದಕ್ಕೆ ನೋಡಿ ಅಂದ್ಲು:

"ಆ ಹುಡುಗನ್ನೂ ಒಳಗೆ ಕರೀರಿ. ಪಾಪ, ಚಳಿಗೆ ನಡುಗ್ತಾವ್ನೆ."

ನಾನು ತಿರುಗಿ ನೋಡ್ಲಿಲ್ಲ. ಚಿಕ್ಕಮ್ಮ ಈಗಲೂ ಅದೇ ಮನೇಲಿ ಅವ್ಳೆ. ಹೋಗಿ ಕೇಳ್ರಿ ಬೇಕಾದ್ರೆ.