ಕೆಂಪು ಮೊಟ್ಟೆಯ ನಂಟು

ರೊಮೇನಿಯಾದ ಯಾಶ್ ಪಟ್ಟಣದ ಬೇಕರಿ ಕಿಟಕಿಯ ಮುಂದೆ ಬಳೆಯಾಕಾರದ ಬಿಸಿ ಕೊವ್ರಿಗಿ ರೊಟ್ಟಿಗಾಗಿ ಜನ ಸಾಲುಗಟ್ಟಿದ್ದರು. ಅದೇ ಸಾಲಿನಲ್ಲಿ ಎಲ್ಲೋ ಕಳೆದುಹೋದಂತೆ ನಿಂತಿದ್ದ ಸ್ಮರಾಂದ ಎಂಬಾಕೆಯ ಕಿವಿ ಮಾತ್ರ ಮುಂದಿದ್ದ ಇಬ್ಬರು ವಯಸ್ಸಾದ ಅಕ್ಕತಂಗಿಯರ ಮೇಲಿತ್ತು. ತಂಗಿಯ ಕೈಯಲ್ಲಿ ಚರ್ಚಿನ ಕುಟುಂಬ ರಕ್ಷಣಾ ಸಂಘದ ಮನವಿ ಪತ್ರ.

“ಪ್ರೊಫೀರಕ್ಕಾ, ಒಂದು ಸಹಿ ಹಾಕು. ಮದುವೆ ಅಂದ್ರೆ ಗಂಡು-ಹೆಣ್ಣಿಂದು ಮಾತ್ರ ಅಂತ ಸಂವಿಧಾನದಲ್ಲೇ ಬರೆಸ್ತೀವಿ.”

“ಸ್ವಂತ ಮೊಮ್ಮಗನಿಗೇ ಅಡ್ಡಗಾಲು ಹಾಕ್ಲಾ, ಅಗ್ಲಾಯ?”

“ನಿನ್ನ ಮೊಮ್ಮಗ ದೋರುಗೆ ಅಲ್ಲಕ್ಕಾ. ಅವನ ಜೊತೆ ಬಾಳ್ತಾ ಇದಾನಲ್ಲ ಎಮಿಲ್, ಅವನು ನಮ್ಮ ಮನೆಯವನಾಗಬಾರದು, ಅಷ್ಟೇ.”

“ಆಗ್ಹೋದ್ನಲ್ಲೇ! ಈಸ್ಟರ್ ದಿನ ಅವನ ಕೆಂಪು ಮೊಟ್ಟೆಗೆ ನನ್ನ ಕೆಂಪು ಮೊಟ್ಟೆ ಕುಟ್ಟಿದೀನಿ. ಕುಟ್ಟಿದವರು ಪರಲೋಕದಲ್ಲಿ ಮತ್ತೆ ಸಿಗ್ತಾರೆ ಅಂತ ಅಜ್ಜಿ ಹೇಳ್ತಿರ್ಲಿಲ್ವಾ? ಇದಕ್ಕೆ ಸಹಿ ಹಾಕಿ, ಅಲ್ಲಿ ಅವನಿಗೆ ಹೆಂಗೆ ಮುಖ ತೋರಿಸ್ಲಿ?”

“ಅಜ್ಜಿ ಕತೆಗೂ ಕಾನೂನಿಗೂ ಏನಕ್ಕಾ ಸಂಬಂಧ? ಒಡಹುಟ್ಟಿದ ಅಕ್ಕನೇ ಸಹಿ ಹಾಕ್ಲಿಲ್ಲ ಅಂತ ಪಾದ್ರಿಗಳಿಗೆ ಹೇಳ್ಲಾ?”

“ಹೇಳು. ನೀನೂ ಅವನ ಜೊತೆ ಕುಟ್ಟಿದ್ದೆ ಅನ್ನೋದನ್ನೂ ಸೇರಿಸಿ ಹೇಳು. ನಿನ್ನ ಮೊಟ್ಟೆ ಒಡೀತು, ಆಟದಲ್ಲಿ ಸೋತೆ ಅಂತ ಎಷ್ಟು ಹೊತ್ತು ಮುಖ ಊದಿಸ್ಕೊಂಡಿದ್ದೆ!”

“ಮೋಸ ಕಣಕ್ಕಾ! ಆ ಕಳ್ಳ ಬಣ್ಣ ಬಳಿದ ಮರದ ಮೊಟ್ಟೆ ತಂದಿದ್ದ!”

“ಹಂಗಾದ್ರೆ ಪರಲೋಕದಲ್ಲಿ ಸಿಕ್ಕಾಗ ಜಗಳ ಆಡು. ನೀನೇ ಅಲ್ಲಿಗೂ ನಂಟು ಉಳಿಸ್ಕೊಂಡಿದೀಯ.”

ಅಗ್ಲಾಯ ನಗು ತಡೆಯಲು ತುಟಿ ಕಚ್ಚಿಕೊಂಡಳು. ಅಷ್ಟರಲ್ಲಿ ಅವರ ಸರದಿ ಬಂತು. ಅವಳು ಮನವಿ ಪತ್ರವನ್ನು ಮಡಿಸಿ ಕೈಚೀಲಕ್ಕೆ ತುರುಕಿದಳು.

“ನಾಳೆ ಮತ್ತೆ ಕೇಳ್ತೀನಿ, ಬಿಡಲ್ಲ.”

“ಕೇಳು. ನಾಳೆಯೂ ಹಾಕಲ್ಲ.”

“ಸಂಜೆ ಅವರಿಬ್ರೂ ಬರ್ತಾರಾ?”

“ಬರ್ತಾರೆ.”

“ಎಮಿಲ್‌ಗೆ ಯಾವುದು ಇಷ್ಟ? ಎಳ್ಳಿಂದಾ, ಗಸಗಸೆದಾ?”

“ಗಸಗಸೆದು.”

“ಅವನಿಗೆ ಎರಡು ಕಟ್ಟಿಸ್ತೀನಿ,” ಎಂದಳು ಅಗ್ಲಾಯ. ಬಿಸಿ ಪೊಟ್ಟಣವನ್ನು ಎದೆಗವಚಿಕೊಂಡು ಇಬ್ಬರೂ ಟ್ರಾಮ್ ಕಡೆಗೆ ನಡೆದರು.